ಹೊಗೆಯೊಳಗಿನ ಪಟ್ಟಣ: ಟರ್ನರ್ ಬರೆದ ಶ್ರೀರಂಗಪಟ್ಟಣ



ಹಡಗು ಬಂಡೆಗೆ ಬಡಿದು ಒಡೆಯುವ ಚಿತ್ರಗಳ ಕುರಿತು ಕಬ್ಬು, ಭತ್ತದ ಸೀಮೆಯಲ್ಲಿ ಮಾತಾಡುವುದು ವಿಚಿತ್ರವೆನಿಸಬಹುದು. ಮಂಡ್ಯ, ಮದ್ದೂರು, ಮಳವಳ್ಳಿಯವರು ಕಡಲು ನೋಡಬೇಕಾದರೆ ಘಟ್ಟ ಇಳಿದೇ ಹೋಗಬೇಕು. ಆದರೆ ಇಂಥ ಚಿತ್ರಗಳಿಗೆ ಇಂಗ್ಲೆಂಡಿನಲ್ಲಿ ಎಲ್ಲರಿಗಿಂತ ಹೆಸರಾದ ಜೆ.ಎಂ.ಡಬ್ಲ್ಯು. ಟರ್ನರ್ 1800ರ ಸುಮಾರಿಗೆ ಈ ಮಂಡ್ಯ ಜಿಲ್ಲೆಯ ಒಂದು ಊರನ್ನೂ ಜಲವರ್ಣದಲ್ಲಿ ಬರೆದ. ಶ್ರೀರಂಗಪಟ್ಟಣದ ಮುತ್ತಿಗೆಯ ಆ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಟರ್ನರ್ ಭಾರತಕ್ಕೆ ಬಂದವನೇ ಅಲ್ಲ. ಕಾವೇರಿಯನ್ನೂ ಕೋಟೆಯನ್ನೂ ಬೇರೆಯವರು ಬರೆದುಕೊಂಡು ಹೋದ ನಕ್ಷೆ, ಚಿತ್ರಗಳಿಂದಲೇ ಅವನು ಊಹಿಸಿಕೊಳ್ಳಬೇಕಿತ್ತು. ಹಾಗೆ ಊಹಿಸುವಾಗ ಅವನ ಕೈಗೆ ಸಿಕ್ಕಿದ್ದು ಹಡಗೊಡೆತದ ಚಿತ್ರಕ್ಕೆಂದು ಅಷ್ಟು ಹೊತ್ತಿಗೆ ರೂಢಿಯಾಗಿದ್ದ ಅಚ್ಚು ಎಂಬುದು ನನ್ನ ವಾದ. ಆ ಅಚ್ಚಿನಲ್ಲಿ ಕೂತಾಗ, ಮನುಷ್ಯರು ಅಕ್ಕಿ ಅಳೆದು, ತಿಂಗಳು ಎಣಿಸಿ, ಸಂಬಳ ಕೊಟ್ಟು ಮಾಡಿಸಿದ ಒಂದು ಕೆಲಸ ಪ್ರಕೃತಿಯ ಮುನಿಸಿನಂತೆ ಕಾಣತೊಡಗುತ್ತದೆ. ಚಿತ್ರ ಚೆನ್ನಾಗಿರುವುದೇ ಇಲ್ಲಿನ ತೊಡಕು. ಕೆಟ್ಟ ಚಿತ್ರವಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ.

ಮೊದಲು ಆ ಅಚ್ಚನ್ನು ನೋಡೋಣ. ಹದಿನೆಂಟನೆಯ ಶತಮಾನದ ನಡುಭಾಗದಿಂದಾಚೆಗೆ ಫ್ರಾನ್ಸಿನ ಜೋಸೆಫ್ ವರ್ನೆ, ಅನಂತರ ಇಂಗ್ಲೆಂಡಿಗೆ ಬಂದು ನೆಲೆಸಿದ ಲೂಥರ್‌ಬರ್ಗ್ ಮೊದಲಾದವರು ಒಡೆದ ಹಡಗಿನ ಚಿತ್ರವನ್ನು ಒಂದು ಬೇಡಿಕೆಯ ಸರಕನ್ನಾಗಿ ಮಾಡಿದರು. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ವಾಲಿದ ಹಡಗು, ನಡುವೆ ನೊರೆ, ಮೇಲೆ ಒಂದೇ ಒಂದು ಕಡೆ ಹರಿದು ಬೆಳಕು ಬಿಡುವ ಮೋಡ, ಕೆಳಗೆ ಇರುವೆಯಷ್ಟು ಮನುಷ್ಯರು. ಲೂಥರ್‌ಬರ್ಗ್ ಇಷ್ಟಕ್ಕೇ ನಿಲ್ಲಲಿಲ್ಲ. 1781ರಲ್ಲಿ ಲಂಡನ್ನಿನಲ್ಲಿ ದೀಪ, ಬಣ್ಣದ ಗಾಜು, ಯಂತ್ರಗಳಿಂದ ನಡೆಯುವ ಒಂದು ಪುಟ್ಟ ರಂಗಮಂಚ ತೆರೆದು, ಬಿರುಗಾಳಿಗೆ ಸಿಕ್ಕ ಹಡಗನ್ನು ಸದ್ದುಗದ್ದಲದೊಂದಿಗೆ ಟಿಕೆಟ್ ಮಾರಿ ತೋರಿಸಿದ. ಈ ರುಚಿಗೆ ತತ್ತ್ವವೂ ಸಿದ್ಧವಾಗಿತ್ತು. ಎಡ್ಮಂಡ್ ಬರ್ಕ್ 1757ರಲ್ಲೇ ಭವ್ಯತೆಯ ಮೂಲ ಭಯ ಎಂದು ವಾದಿಸಿದ್ದ. ಆ ಭಯ ಮೈಮೇಲೆ ಬೀಳದಷ್ಟು ದೂರದಲ್ಲಿದ್ದರೆ ಅದರಲ್ಲೊಂದು ಸುಖವಿದೆ ಎಂಬುದು ಅವನ ತೀರ್ಮಾನ. 1790ರಲ್ಲಿ ಕಾಂಟ್ ಅದನ್ನೇ ಬೇರೆ ದಾರಿಯಲ್ಲಿ ಬೆಳೆಸಿದ. ನೋಡುವವನು ಸುರಕ್ಷಿತ ಜಾಗದಲ್ಲಿ ನಿಂತಿರಬೇಕು ಎಂಬ ಷರತ್ತು ಇಬ್ಬರಲ್ಲೂ ಇದೆ. ಇದೇ ಬರ್ಕ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಮೇಲೆ ಹರಿಹಾಯ್ದು, ಆ ಆಡಳಿತ ನಡೆಸಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ಪಾರ್ಲಿಮೆಂಟಿನ ಕಟಕಟೆಗೆ ಎಳೆದು, 1788ರಿಂದ 1795ರವರೆಗೆ ವಿಚಾರಣೆಯಲ್ಲಿ ನಿಲ್ಲಿಸಿದವನು ಎಂಬುದನ್ನು ಇಲ್ಲಿ ನೆನೆಯಬೇಕು. ಸೌಂದರ್ಯದ ಮಾತಾಡುವಾಗ ದೂರ ನಿಂತವನು ನ್ಯಾಯದ ಮಾತಿಗೆ ಬಂದಾಗ ಹತ್ತಿರ ಹೋಗಿ ಹೆಸರು ಹಿಡಿದು ಕೇಳಿದ.

ಹಡಗೊಡೆತದ ಚಿತ್ರದಲ್ಲಿ ಯಾರ ಹೆಸರನ್ನು ಹಿಡಿದು ಕೇಳುವುದು? ಗಾಳಿ ಬೀಸಿತು, ಬಂಡೆ ಇತ್ತು, ಅಷ್ಟೆ. 1786ರ ಜನವರಿ 6ರಂದು ಮದರಾಸಿಗೆ ಹೊರಟಿದ್ದ ಕಂಪನಿಯ ಹಡಗು ಹಾಲ್ಸ್‌ವೆಲ್ ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ಬಂಡೆಗಳಿಗೆ ಬಡಿದು ನುಚ್ಚುನೂರಾಯಿತು. ನೂರಾರು ಜನ ಸತ್ತರು. ಕಪ್ತಾನ ರಿಚರ್ಡ್ ಪಿಯರ್ಸ್ ಹಡಗಿನಲ್ಲಿದ್ದ ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆ ಮುಳುಗಿದ ಸಂಗತಿಗೆ ಇಡೀ ಇಂಗ್ಲೆಂಡ್ ಕಣ್ಣೀರಿಟ್ಟಿತು. 1818ರ ಸುಮಾರಿಗೆ ಟರ್ನರ್ ಬರೆದ, ಕಂಪನಿಯ ಹಡಗೊಂದು ನಾಶವಾಗುವ ಜಲವರ್ಣದ ಹಿಂದೆ ಈ ಘಟನೆಯೇ ಇದೆ ಎಂದು ಹಲವರು ಗುರುತಿಸುತ್ತಾರೆ. ಆ ಕಾಲದಲ್ಲಿ ಅವನು ಜಲವರ್ಣವನ್ನು ಹೇಗೆ ಬಳಸುತ್ತಿದ್ದ ಎಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷ್ಯವಿದೆ. 1818ರಲ್ಲಿ ಯಾರ್ಕ್‌ಷೈರಿನ ಫಾರ್ನ್ಲಿಯಲ್ಲಿ, ತನ್ನ ಪೋಷಕ ವಾಲ್ಟರ್ ಫಾಕ್ಸ್‌ನ ಮನೆಯಲ್ಲಿ, ಯುದ್ಧನೌಕೆಯೊಂದರ ಚಿತ್ರವನ್ನು ಅವನು ಒಂದೇ ಬೆಳಗಿನಲ್ಲಿ ಮುಗಿಸಿದ. ಕಾಗದ ನೆನೆದು ತೊಪ್ಪೆಯಾಗುವಷ್ಟು ಬಣ್ಣದ ನೀರು ಸುರಿದ, ಕೆರೆದ, ಉಜ್ಜಿದ, ಹರಿದ. ಮೊದಲು ಎಲ್ಲವೂ ಗೊಂದಲ, ಆಮೇಲೆ ಹಡಗು ಮೆಲ್ಲಗೆ ಮೂಡಿತು ಎಂದು ಮನೆಯ ಹುಡುಗ ಮುಂದೆ ನೆನೆದ. ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟುಕೊಂಡು ಅದರಿಂದಲೇ ಬಣ್ಣ ಕೆರೆದು ಬಿಳಿ ತೆಗೆಯುತ್ತಿದ್ದನಂತೆ. ಪಾರಕ ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ತಾಕದ ಕಾಗದ. ನೊರೆ, ಹೊಗೆ, ಮಿಂಚು ಮೂರೂ ಕಾಗದದ ಅದೇ ಬಿಳುಪು, ಅಥವಾ ಅದನ್ನು ಮತ್ತೆ ಹೊರಗೆ ತರುವ ಉಗುರಿನ ಗೀರು. ತೋಪಿನ ಹೊಗೆಗೂ ಅಲೆಯ ನೊರೆಗೂ ಕಾಗದದ ಮೇಲೆ ವ್ಯತ್ಯಾಸವೇ ಇಲ್ಲವೆಂಬುದನ್ನು ಗಮನದಲ್ಲಿಡಬೇಕು.

ಈಗ ಶ್ರೀರಂಗಪಟ್ಟಣದ ಚಿತ್ರಕ್ಕೆ ಬರಬಹುದು. 1799ರ ಮೇ 4ರಂದು ಟಿಪ್ಪು ಸುಲ್ತಾನನ ಕೋಟೆ ಕಂಪನಿಯ ಸೈನ್ಯದ ಕೈಗೆ ಬಿತ್ತು. ಸುದ್ದಿ ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣಿಸಿ ಲಂಡನ್ ಮುಟ್ಟಿತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಆ ದಾಳಿಯನ್ನು ಬಿಡಿಸಿ, ಲೈಸಿಯಂ ಎಂಬಲ್ಲಿ ಪ್ರದರ್ಶನಕ್ಕಿಟ್ಟ. ಜನ ಮುಗಿಬಿದ್ದರು. ಲೂಥರ್‌ಬರ್ಗ್‌ನ ಬಿರುಗಾಳಿಗೆ ದುಡ್ಡು ಕೊಟ್ಟ ಊರೇ ನಮ್ಮ ಪಟ್ಟಣ ಉರಿಯುವುದನ್ನು ನೋಡಲೂ ದುಡ್ಡು ಕೊಟ್ಟಿತು. ಟರ್ನರ್ ಇಪ್ಪತ್ತೈದರ ಆಸುಪಾಸಿನಲ್ಲಿದ್ದ. 1799ರಲ್ಲಷ್ಟೇ ರಾಯಲ್ ಅಕಾಡೆಮಿಯ ಸಹಸದಸ್ಯನಾಗಿದ್ದ. ಅವನ ಚಿತ್ರದಲ್ಲಿ ಹೊಳೆ, ಅದರಾಚೆ ಕೋಟೆ, ಮೇಲೆದ್ದ ಹೊಗೆ ಪ್ರಧಾನ. ಮನುಷ್ಯರು ಚಿಕ್ಕವರು. ಕೆರ್ ಪೋರ್ಟರ್ ಸೇನಾಧಿಕಾರಿಗಳ ಮುಖಗಳನ್ನು ಗುರುತು ಸಿಗುವಂತೆ ಬಿಡಿಸಿದ್ದರೆ, ಟರ್ನರ್‌ಗೆ ಮುಖಗಳ ಗೊಡವೆಯಿಲ್ಲ. ಬಂಡೆಯ ಜಾಗದಲ್ಲಿ ಕೋಟೆ, ಕಡಲಿನ ಜಾಗದಲ್ಲಿ ಕಾವೇರಿ, ಬಿರುಗಾಳಿಯ ಜಾಗದಲ್ಲಿ ಹೊಗೆ. ಎಂದೂ ನೋಡದ ಊರಿಗೆ ಅವನು ಚೆನ್ನಾಗಿ ಬಲ್ಲ ಸ್ವರೂಪವನ್ನು ಕೊಟ್ಟ. ಇದನ್ನು ಅವನ ದುರುದ್ದೇಶ ಎನ್ನಲಾರೆ. ಕಾಣದ್ದನ್ನು ಬರೆಯಬೇಕಾದವನು ರೂಢಿಯ ಕೈ ಹಿಡಿಯುತ್ತಾನೆ. ಆದ್ದರಿಂದಲೇ ರೂಢಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಈ ಚಿತ್ರ ಒಳ್ಳೆಯ ಸಾಕ್ಷಿ.

ಚಿತ್ರ ಪ್ರಕೃತಿಯ ಪಾಲಿಗೆ ಬಿಟ್ಟದ್ದರಲ್ಲಿ ಎಷ್ಟು ಭಾಗ ಮನುಷ್ಯರ ಲೆಕ್ಕಾಚಾರವಾಗಿತ್ತು ಎಂದು ತಿಳಿಯಲು ಎಂಟು ವರ್ಷ ಹಿಂದೆ ಹೋಗಬೇಕು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕಂಪನಿಯ ಸೈನ್ಯದೊಂದಿಗೆ ಬೆಂಗಳೂರಿನಿಂದ ಹೊರಟು ಅರಕೆರೆಯವರೆಗೆ ಬಂದ. ಹೊಳೆ ದಾಟುವಂತಿರಲಿಲ್ಲ. ಮೇ 15ರ ಕಾಳಗದಲ್ಲಿ ಗೆದ್ದರೂ ಗೆಲುವು ಕೈಗೆ ಹತ್ತಲಿಲ್ಲ. ದಾರಿಯುದ್ದಕ್ಕೂ ಊರುಗಳು ಖಾಲಿ, ಮೇವು ಬೂದಿ. ಎತ್ತುಗಳು ಸಾಲುಸಾಲಾಗಿ ಸತ್ತವು. ಮಳೆ ಹಿಡಿಯಿತು. ಕನ್ನಂಬಾಡಿಯ ಕಡೆ ಸರಿದ ಮೇಲೆ, ಅಲ್ಲಿಯವರೆಗೆ ಎಳೆದು ತಂದಿದ್ದ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತಾವೇ ನಾಶಮಾಡಿ ಹಿಂದಿರುಗಬೇಕಾಯಿತು. ಮುಂದೆ ಕಟ್ಟೆ ಎದ್ದು ಈ ಜಿಲ್ಲೆಗೆ ನಾಲೆಯ ನೀರು ಬಂದದ್ದು ಅದೇ ಕನ್ನಂಬಾಡಿಯಿಂದ. ಅವತ್ತು ಅಲ್ಲಿ ಒಂದು ಸಾಮ್ರಾಜ್ಯದ ದಂಡು ಕೆಸರಿನಲ್ಲಿ ಹೂತಿತ್ತು. ನಿಜವಾದ ಹಡಗೊಡೆತವೊಂದು ಕಾವೇರಿ ದಂಡೆಯಲ್ಲಿ ನಡೆದಿದ್ದರೆ ಅದು ಇದು. ನೀರು, ಮಳೆ, ಹಸಿವು ಸೇರಿ ಇಂಗ್ಲಿಷರನ್ನು ಸೋಲಿಸಿದ ಈ ಪ್ರಸಂಗ ಭವ್ಯ ಚಿತ್ರಗಳಿಗೆ ವಸ್ತುವಾಗಿ ಹೆಸರು ಮಾಡಲಿಲ್ಲ.

1799ರಲ್ಲಿ ಈ ಪಾಠವನ್ನು ಕಂಪನಿ ಮರೆತಿರಲಿಲ್ಲ. ಕಾವೇರಿ ಏರುವ ಮುನ್ನ, ಅಂದರೆ ಜೂನಿಗೆ ಮೊದಲು, ಕೋಟೆ ಬೀಳಬೇಕು ಎಂಬ ಲೆಕ್ಕದ ಮೇಲೆ ಇಡೀ ದಂಡಯಾತ್ರೆ ನಿಂತಿತ್ತು. ಮದರಾಸಿನ ಕಡೆಯಿಂದ ಜನರಲ್ ಹ್ಯಾರಿಸ್, ಕೊಡಗಿನ ಕಡೆಯಿಂದ ಬೊಂಬಾಯಿಯ ಸೈನ್ಯ, ಜೊತೆಗೆ ನಿಜಾಮನ ದಂಡು. ಟಿಪ್ಪುವಿನ ಸೈನ್ಯ ಮದ್ದೂರಿನ ಹೊಳೆಯ ಕಡೆಯಿಂದ ಮಳವಳ್ಳಿಗೆ ಸರಿದು, ಮಾರ್ಚ್ 27ರಂದು ಅಲ್ಲಿ ಎದುರಾಯಿತು. ಕಾಳಗ ಹ್ಯಾರಿಸ್‌ನ ಕಡೆಗೆ ತಿರುಗಿತು. ಮಳವಳ್ಳಿಯ ಆ ದಿನಕ್ಕಿಂತ ಅದರ ಮುಂದಿನ ಹೆಜ್ಜೆ ನನಗೆ ಮುಖ್ಯವೆನಿಸುತ್ತದೆ. ಹ್ಯಾರಿಸ್ ಎಲ್ಲರೂ ನಿರೀಕ್ಷಿಸಿದ್ದ ನೇರ ದಾರಿ ಬಿಟ್ಟು ತೆಂಕಲಿಗೆ ತಿರುಗಿ, ಸೋಸಲೆಯ ಬಳಿ ಕಾವೇರಿ ದಾಟಿದ. ಕಾರಣ ಸರಳ: ನೇರ ದಾರಿಯಲ್ಲಿ ಮೇವು ಸುಟ್ಟಿತ್ತು, ಆ ಕಡೆ ಹುಲ್ಲೂ ದನವೂ ಉಳಿದಿದ್ದವು. ಏಪ್ರಿಲ್ 5ಕ್ಕೆ ಪಟ್ಟಣದ ಮುಂದೆ ಬೀಡು ಬಿಟ್ಟ. ತಿಂಗಳ ನಡುವಿನಲ್ಲಿ ಅಕ್ಕಿ ಅಳೆಸಿದಾಗ ಹೊಡೆದಾಡುವವರಿಗೆ ಮಾತ್ರ ಕೊಟ್ಟರೂ ಹೆಚ್ಚುಕಡಿಮೆ 18 ದಿನದ್ದು ಉಳಿದಿದೆ ಎಂದು ತಿಳಿಯಿತು. ಹೀಗೆ ಒಂದು ಕೈಯಲ್ಲಿ ಅಕ್ಕಿಯ ಲೆಕ್ಕ, ಇನ್ನೊಂದು ಕೈಯಲ್ಲಿ ಮಳೆಯ ಲೆಕ್ಕ ಹಿಡಿದು ದಾಳಿಯ ದಿನ ಗೊತ್ತಾಯಿತು. ಗಳಿಗೆಯೂ ಲೆಕ್ಕದ್ದೇ. ಸುಡುಬಿಸಿಲಿನ ನಡುಹಗಲು, ಕೋಟೆಯವರು ಮೈಮರೆತಿರುವ ಹೊತ್ತೆಂದು ಸುಮಾರು ಒಂದು ಗಂಟೆಯನ್ನು ಆರಿಸಿದರು. ಡೇವಿಡ್ ಬೇರ್ಡ್‌ನ ಕೈಕೆಳಗೆ 4,376 ಮಂದಿ ಕಂದಕದಿಂದೆದ್ದು ಹೊಳೆಗಿಳಿದರು. ನೀರು ಕೆಲವೆಡೆ ಹರಡು ಮುಳುಗುವಷ್ಟು, ಕೆಲವೆಡೆ ಸೊಂಟದ ತನಕ. ತಳವೆಲ್ಲ ಕಲ್ಲು. ಕೆಲವೇ ನಿಮಿಷಗಳಲ್ಲಿ ವಾಯವ್ಯ ಮೂಲೆಯ ಬಿರುಕಿನ ಮೇಲೆ ಅವರ ಬಾವುಟ ಹಾರಿತು. ಆ ಹೊತ್ತಿನ ಕಾವೇರಿ ಕಡಲಾಗಿರಲಿಲ್ಲ. ಈ ಸೀಮೆಯ ಯಾರೂ ಮೇ ತಿಂಗಳಲ್ಲಿ ಕಾಣಬಲ್ಲ, ಬಂಡೆ ಎದ್ದು ಕಾಣುವ, ದಾಟಬಲ್ಲ ಹೊಳೆ. ಹಾಗಿದ್ದದ್ದರಿಂದಲೇ ಆ ದಿನ ಆರಿಸಿದ್ದು.

ಆ 4,376 ಜನರಲ್ಲಿ 1,882 ಮಂದಿ ಈ ದೇಶದ ಸಿಪಾಯಿಗಳು. ಸಂಜೆಯಾಗುವಷ್ಟರಲ್ಲಿ ಟಿಪ್ಪು ಸತ್ತಿದ್ದ, ಜೊತೆಗೆ ಸಾವಿರಾರು ಜನ. ರಾತ್ರಿಯಿಡೀ ಲೂಟಿ ನಡೆಯಿತು. ಲೂಟಿಯಾಗದ ಮನೆ ಊರಿನಲ್ಲಿ ಉಳಿಯಲಿಲ್ಲವೆಂಬಂತೆ ಗೆದ್ದ ಸೈನ್ಯದ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಯೇ ತನ್ನವರಿಗೆ ಕಾಗದ ಬರೆದ. ಕೆಲವರನ್ನು ನೇಣಿಗೆ ಹಾಕಿಸಿ, ಹಲವರಿಗೆ ಚಾಟಿಯೇಟು ಕೊಡಿಸಿದ ಮೇಲೆಯೇ ಅದು ನಿಂತದ್ದು. ಸೇನೆ ಅಧಿಕೃತವಾಗಿ ಹಂಚಿಕೊಂಡ ಗೆಲುವಿನ ಸೊತ್ತಿನ ಬೆಲೆ ಹತ್ತು ಲಕ್ಷ ಪೌಂಡಿಗೂ ಮಿಕ್ಕಿತ್ತು. ಅದಕ್ಕೊಂದು ಸಮಿತಿ, ದರ್ಜೆಗೆ ತಕ್ಕ ಪಾಲು, ರಸೀದಿ ಎಲ್ಲ ಇದ್ದವು. ಬಿರುಗಾಳಿ ರಸೀದಿ ಕೊಡುವುದಿಲ್ಲ. ಟಿಪ್ಪು ಎಂಥ ದೊರೆ ಎಂಬ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಅದು ಹೇಗೇ ತೀರ್ಮಾನವಾಗಲಿ, ಆ ದಿನ ನಡೆದದ್ದು ಯಾರೋ ನಿರ್ಧರಿಸಿ ನಡೆಸಿದ್ದು ಎಂಬುದು ಬದಲಾಗದು. ಹಾಲ್ಸ್‌ವೆಲ್‌ನಲ್ಲಿ ಮುಳುಗಿದ ಕಪ್ತಾನನ ಹೆಣ್ಣುಮಕ್ಕಳಿಗಾಗಿ ಮರುಗಿದ ದೇಶದಲ್ಲಿ ಕೋಟೆಯೊಳಗೆ ಸತ್ತವರ ಹೆಣ್ಣುಮಕ್ಕಳು ಹೊಗೆಯ ಒಂದು ಛಾಯೆಯಾಗಿ ಮಾತ್ರ ಉಳಿದರು.

ಇದಕ್ಕೆ ನಮ್ಮ ಕಾವ್ಯಮೀಮಾಂಸೆ ಬಲ್ಲವರು ಒಂದು ಆಕ್ಷೇಪ ಎತ್ತಬಹುದು. ಭಯಾನಕವೂ ಒಂದು ರಸವೇ. ಲೋಕದ ಭಯ ಕಲೆಯಲ್ಲಿ ಆಸ್ವಾದ್ಯವಾಗುವುದು ಅದು ಸಾಧಾರಣೀಕರಣಗೊಂಡಾಗ, ಅಂದರೆ ಇವರದು ಅವರದು ಎಂಬ ಗುರುತು ಕಳಚಿದಾಗ. ಹಾಗಾದರೆ ಟರ್ನರ್ ಮುಖಗಳನ್ನು ಅಳಿಸಿದ್ದರಲ್ಲಿ ತಪ್ಪೇನು? ಈ ಆಕ್ಷೇಪ ಗಟ್ಟಿಯಾದದ್ದು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿ ಬೆಳೆದ ಯಾರಿಗೂ ಇದು ಹೊಳೆದೀತು. ಆದರೆ ಸಾಧಾರಣೀಕರಣದಲ್ಲಿ ವಿಭಾವಗಳು ಮಾಯವಾಗುವುದಿಲ್ಲ. ಆಲಂಬನ ವಿಭಾವ, ಎಂದರೆ ಭಾವಕ್ಕೆ ಆಸರೆಯಾದ ವ್ಯಕ್ತಿ, ಇದ್ದೇ ಇರಬೇಕು. ಗಾಳಿ, ಮೋಡ, ಕತ್ತಲೆ ಮೊದಲಾದವು ಆ ಭಾವವನ್ನು ಏರಿಸುವ ಉದ್ದೀಪನಗಳು. ದುಶ್ಶಾಸನನ ಕೈ ದ್ರೌಪದಿಯ ಮುಡಿಯ ಮೇಲಿಲ್ಲದೆ ಸಭೆಯ ಗದ್ದಲವನ್ನಷ್ಟೇ ವರ್ಣಿಸಿದರೆ ಯಾವ ರಸವೂ ನೆಲೆ ನಿಲ್ಲದು. ಹಡಗೊಡೆತದ ಅಚ್ಚಿನಲ್ಲಿ ಉದ್ದೀಪನ ಬೆಳೆದು ಬೆಳೆದು ಆಲಂಬನವನ್ನು ನುಂಗುತ್ತದೆ. ಕಡಲಿನ ಮಟ್ಟಿಗೆ ಇದು ಸಹಜ, ಏಕೆಂದರೆ ಅಲ್ಲಿ ಭಯದ ಆಸರೆಯೇ ಕಡಲು. ಮುತ್ತಿಗೆಗೆ ಅದನ್ನೇ ತಂದಾಗ ಮಾತ್ರ ಆಸರೆ ಕಳಚುತ್ತದೆ. ನನ್ನ ತಕರಾರು ಇರುವುದು ಅಲ್ಲಿ, ಭಯವನ್ನು ಸುಂದರವಾಗಿಸಿದ್ದರ ಬಗ್ಗೆ ಅಲ್ಲ.

ಇನ್ನೊಂದು ಆಕ್ಷೇಪ ಪಟ್ಟಣದ ಒಳಗಿನಿಂದಲೇ ಬರುತ್ತದೆ. ಅಲ್ಲಿನ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮೇಲೆ ಟಿಪ್ಪು ಬರೆಸಿದ ಪೊಳ್ಳಿಲೂರಿನ ಯುದ್ಧವೂ ಪ್ರಚಾರವೇ ಅಲ್ಲವೆ? ಖಂಡಿತ ಪ್ರಚಾರವೇ. 1780ರಲ್ಲಿ ಕರ್ನಲ್ ಬೇಯ್ಲಿಯ ಪಡೆ ಸೋತದ್ದನ್ನು ಅಲ್ಲಿ ಹಿಗ್ಗಿನಿಂದ ಬರೆದಿದೆ. 1784ರಲ್ಲಿ ಕಟ್ಟಿದ ಈ ಅರಮನೆಯ ಚಿತ್ರಗಳು ಮುಂದೆ ಮಾಸಿ, ಅಳಿದು, ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಕಂಡವು. ಹಾಗಾಗಿ ಇಂದು ಕಾಣುವ ಪ್ರತಿ ಗೆರೆಯೂ ಟಿಪ್ಪುವಿನ ಕಾಲದ್ದು ಎನ್ನುವಂತಿಲ್ಲ. ಆದರೂ ಆ ಯುದ್ಧಚಿತ್ರದ ರಚನೆ ನೋಡಿ. ದಿಗಂತವಿಲ್ಲ, ಮೋಡವಿಲ್ಲ. ಪಕ್ಕಮುಖದ ಕುದುರೆಗಳು ಸಾಲುಸಾಲಾಗಿ ನುಗ್ಗುತ್ತವೆ. ಇಂಗ್ಲಿಷರ ಚೌಕದ ನಡುವೆ ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಅಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ಇಲ್ಲೂ ಬೆಂಕಿ, ಇಲ್ಲೂ ಸಿಡಿತ. ಆದರೆ ಸಿಡಿತ ಒಂದು ಗಾಡಿಯದು, ಅದು ನಡೆದದ್ದು ಒಂದು ಪಡೆಗೆ, ಮಾಡಿದವರು ಎದುರಿಗೇ ಕುದುರೆಯ ಮೇಲಿದ್ದಾರೆ. ಈ ಚಿತ್ರದ ಜೊತೆ ವಾದ ಮಾಡಬಹುದು: ಹೀಗೆ ನಡೆಯಲಿಲ್ಲ, ಇಷ್ಟು ಜನ ಇರಲಿಲ್ಲ, ನೀನು ಕೊಚ್ಚಿಕೊಳ್ಳುತ್ತಿದ್ದೀಯೆ ಎನ್ನಬಹುದು. ಟರ್ನರ್‌ನ ಹೊಗೆಗೆ ಹಾಗೆ ಹೇಳಲು ಬಾರದು. ಕಲೆಗಾರಿಕೆಯಲ್ಲಿ ಗೋಡೆಯ ಚಿತ್ರಕ್ಕಿಂತ ಜಲವರ್ಣ ಮೇಲು ಎಂದು ನಾನೂ ಒಪ್ಪುತ್ತೇನೆ. ಸಾಕ್ಷ್ಯವಾಗಿ ಗೋಡೆಯೇ ಮೇಲು.

ಟರ್ನರ್‌ನ ಪರವಾಗಿ ಹೇಳಬಹುದಾದ ಅತಿ ಬಲವಾದ ಮಾತು ಅವನ ಮುಂದಿನ ಚಿತ್ರಗಳಲ್ಲೇ ಇದೆ. 1833ರಲ್ಲಿ ಹೆಣ್ಣು ಕೈದಿಗಳನ್ನು ಹೊತ್ತ ಆಂಫಿಟ್ರೈಟ್ ಎಂಬ ಹಡಗು ಫ್ರಾನ್ಸಿನ ಬೂಲೋನ್ ಬಳಿ ಒಡೆಯಿತು. ಕೈದಿಗಳು ತಪ್ಪಿಸಿಕೊಂಡಾರೆಂದು ಕಪ್ತಾನ ಅವರನ್ನು ದಡಕ್ಕೆ ಬಿಡಲಿಲ್ಲವೆಂಬ ಆರೋಪ ಬಂತು. ಅದನ್ನು ಟರ್ನರ್ ದೊಡ್ಡ ತೈಲಚಿತ್ರವಾಗಿ ತೆಗೆದುಕೊಂಡು ಅರ್ಧಕ್ಕೇ ಬಿಟ್ಟ. 1840ರಲ್ಲಿ ಗುಲಾಮರನ್ನು ಕಡಲಿಗೆಸೆಯುವ ಹಡಗಿನ ಚಿತ್ರ ಪ್ರದರ್ಶಿಸಿದ. 1781ರಲ್ಲಿ ಜಾಂಗ್ ಎಂಬ ಹಡಗಿನವರು ನೂರಮೂವತ್ತರ ಸುಮಾರು ಗುಲಾಮರನ್ನು ನೀರಿಗೆಸೆದ, ಹಡಗಿನ ಮಾಲೀಕರು ವಿಮೆಯ ಹಣಕ್ಕಾಗಿ ನ್ಯಾಯಾಲಯಕ್ಕೆ ಹೋದ ಪ್ರಸಂಗ ಅದರ ಹಿಂದಿದೆ. ಬಿರುಗಾಳಿಯ ಒಳಗೂ ಲೆಕ್ಕದ ಪುಸ್ತಕ ಇರುತ್ತದೆ ಎಂಬುದು ಇಷ್ಟು ಹೊತ್ತಿಗೆ ಅವನಿಗೆ ಗೊತ್ತಿತ್ತು; ಆಪಾದಿಸಲೆಂದೇ ಬರೆದ. ಆದರೆ ನೋಡಿದವರ ಗತಿ ಏನಾಯಿತು? ಟರ್ನರ್‌ನ ದೊಡ್ಡ ಅಭಿಮಾನಿ ಜಾನ್ ರಸ್ಕಿನ್ ಈ ಚಿತ್ರದ ಅಲೆಗಳ ಬಗ್ಗೆ ಇಂಗ್ಲಿಷ್ ಗದ್ಯದ ಹೆಸರಾಂತ ಪುಟಗಳನ್ನು ಬರೆದ, ಮುಂದೆ ಚಿತ್ರವನ್ನು ಸ್ವಂತಕ್ಕೂ ಪಡೆದ. ನೀರಿನಲ್ಲಿರುವವರು ಗುಲಾಮರು, ಹಡಗು ಗುಲಾಮರನ್ನು ಸಾಗಿಸುವಂಥದು ಎಂಬ ಸಂಗತಿಯನ್ನು ಅಡಿಟಿಪ್ಪಣಿಗೆ ಇಳಿಸಿದ. ಕಲಾವಿದ ಬೇಕೆಂದೇ ಅಪರಾಧವನ್ನು ಚಿತ್ರದ ಮುಂಭಾಗಕ್ಕೆ ತಂದಾಗಲೂ ಅಚ್ಚು ಅದನ್ನು ಹೀಗೆ ಹಿಂದೆ ತಳ್ಳಿತು. ಆ ಎಚ್ಚರವಿಲ್ಲದೆ ಬರೆದ 1800ರ ಮುತ್ತಿಗೆಯ ಚಿತ್ರದಲ್ಲಿ ಏನಾಗಿರಬೇಕು ಎಂದು ಊಹಿಸುವುದು ಕಷ್ಟವಲ್ಲ.

ಹಾಗಾದರೆ ಆ ಕಾಲದವರಿಗೆ ಬೇರೆ ಬಗೆಯಲ್ಲಿ ನೋಡಲು ಸಾಧ್ಯವಿತ್ತೇ ಎಂದು ಕೇಳಬಹುದು. ಇತ್ತು. ಕೆರ್ ಪೋರ್ಟರ್‌ನ ಬಟ್ಟೆ ಲಂಡನ್ನಿನಲ್ಲಿ ಜನ ಸೇರಿಸುತ್ತಿದ್ದ 1800ರ ಮೇ ತಿಂಗಳಲ್ಲೇ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಗವರ್ನರ್ ಜನರಲ್‌ನ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯ ಪರಿಶೀಲನೆಗೆ ಬಂದ. ಮದ್ದೂರು, ಮಂಡ್ಯದ ದಾರಿಯಲ್ಲಿ ಹಾದು ಶ್ರೀರಂಗಪಟ್ಟಣ ಸೇರಿದ. ಅವನೂ ಗೆದ್ದವರ ಕಡೆಯವನೇ. ಟಿಪ್ಪುವಿನ ಮೇಲೆ ಅವನಿಗೆ ಕಿಂಚಿತ್ತೂ ಪ್ರೀತಿಯಿರಲಿಲ್ಲ. ಆದರೂ ಅವನು ಬರೆದಿಟ್ಟದ್ದು ಮನೆಗಳು, ಕುಟುಂಬಗಳು, ನಾಲೆಗಳು, ಯಾವ ನೆಲದಲ್ಲಿ ಯಾವ ಬೆಳೆ, ಆಳಿಗೆ ಎಷ್ಟು ಕೂಲಿ, ಯಾವ ಜಾತಿಯವರು ಏನು ಕೆಲಸ ಮಾಡುತ್ತಾರೆ ಎಂಬುದನ್ನು. ಟಿಪ್ಪುವಿನ ಕಾಲದಲ್ಲಿ ಆ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು ಅವನ ಅಂದಾಜು. ಅವನು ಬಂದಾಗ ಸಿಕ್ಕ ಲೆಕ್ಕ ಮೂವತ್ತೆರಡು ಸಾವಿರದ ಹತ್ತಿರ.